ಬೋರಮ್ಮನ ಓಟು

ಓಟಿನ ವಿಚಾರದಲ್ಲಿ ರಾಮಲಿಂಗಯ್ಯ ಮನೆಯವರನ್ನು ಒಂದು ಮಾತು ಕೇಳಿದವನಲ್ಲ. ಕೇಳಬೇಕು ಅಂತ ಅವನಿಗೆ ಯಾವತ್ತೂ ಹೊಳೆದೇ ಇರಲಿಲ್ಲ. ಅವನ ಮನೆ ಯಾವ ಬೀದಿಯಲ್ಲಿದೆ ಅನ್ನುವುದು ಕೈಲಾಂಚದಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ, ಅದು ಯಾವ ಪಾರ್ಟಿಯ ಮನೆ ಅನ್ನುವುದೂ ಅಷ್ಟೇ ಜನಕ್ಕೆ ಗೊತ್ತಿತ್ತು. ಅಪ್ಪ ಒತ್ತಿದ ಗುರುತಿಗೇ ಅವನೂ ಒತ್ತಿದ. ಮದುವೆಯಾಗಿ ಬಂದ ಬೋರಮ್ಮನೂ ಅದಕ್ಕೇ ಒತ್ತಿದಳು. ಮಗಳು ಭಾನುಪ್ರಿಯ ಮೊದಲ ಸಲ ಓಟು ಹಾಕಲು ಹೋದಾಗ ಬೂತಿನ ಬಾಗಿಲ ತನಕ ಜೊತೆಗೆ ಹೋಗಿ, "ಗುರುತು ಗೊತ್ತಲ್ಲವ್ವ?" ಅಂತ ಕೇಳಿ ಕಳಿಸಿದ್ದ.

ಅಂಥವನು ಒಂದು ಬೆಳಗ್ಗೆ ರಾಗಿರೊಟ್ಟಿ ಮುರಿದು ಹುಚ್ಚೆಳ್ಳು ಚಟ್ನಿಗೆ ಅದ್ದುತ್ತಿದ್ದಾಗ, ಬೋರಮ್ಮ ಒಲೆಯ ಮುಂದೆ ಕೂತೇ ಹೇಳಿದಳು.

"ನೋಡಿ, ಈ ಸಲ ನಾನು ಆ ಕಡೆಯೋರ್ಗೆ ಓಟು ಹಾಕ್ತೀನಿ. ಬೇರೆ ಯಾರೋ ಹೇಳಿ ನಿಮಗೆ ಗೊತ್ತಾಗೋದು ಬ್ಯಾಡ ಅಂತ ನಾನೇ ಹೇಳ್ತಿವ್ನಿ."

ರಾಮಲಿಂಗಯ್ಯ ಮೊದಲು ಅವಳು ತಮಾಷೆಗೆ ಅಂದಳೆಂದುಕೊಂಡ. ಚುನಾವಣೆಗೆ ಇನ್ನು ಹೆಚ್ಚು ದಿನವಿರಲಿಲ್ಲ. ಗೋಡೆಯ ಮೊಳೆಗೆ ಅವನ ಪಾರ್ಟಿ ಶಾಲು ಆಗಲೇ ಬಂದು ನೇತುಬಿದ್ದಿತ್ತು. ಆದರೆ ಅವಳ ಮುಖದಲ್ಲಿ ನಗುವಿರಲಿಲ್ಲ.

"ಯಾಕಮ್ಮಿ? ಯಾರೇನು ತಲೆಗೆ ತುಂಬವ್ರೆ?"

"ಯಾರೂ ತುಂಬಿಲ್ಲ. ನನಗೇ ಅನ್ನಿಸ್ತು."

ರಾಮಲಿಂಗಯ್ಯ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹಮಾಲಿ. ರೈತರು ತರುವ ಗೂಡಿನ ಚೀಲ ಇಳಿಸುವುದು, ಹರಾಜಾದ ಮೇಲೆ ಕೊಂಡವರ ಗಾಡಿಗೆ ಹೇರುವುದು ಅವನ ಕೆಲಸ. ಬೋರಮ್ಮ ಅದೇ ಊರಿನಲ್ಲಿ ಜಬ್ಬಾರ್ ಸಾಹೇಬರ ನೂಲು ಬಿಚ್ಚುವ ಕಾರ್ಖಾನೆಗೆ ಹೋಗುತ್ತಾಳೆ. ಕುದಿಬಿಸಿ ನೀರಿನಲ್ಲಿ ತೇಲುವ ಗೂಡುಗಳಿಂದ ಎಳೆ ಹುಡುಕಿ ತೆಗೆದು ತೆಗೆದು ಅವಳ ಬೆರಳ ತುದಿಗಳು ಯಾವಾಗಲೂ ಬೆಳ್ಳಗೆ ಸುಕ್ಕುಗಟ್ಟಿರುತ್ತವೆ. ಇಬ್ಬರೂ ಬೆಳಗ್ಗೆ ಒಂದೇ ಬಸ್ಸಿಗೆ ಹೋಗುವವರು. ಆವತ್ತು ಮಾತ್ರ ರಾಮಲಿಂಗಯ್ಯ ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು, ಯಾರದೋ ಬೈಕಿನ ಹಿಂದೆ ಕೂತು ಹೊರಟುಬಿಟ್ಟ.

ಅವನ ಸಿಟ್ಟಿಗೆ ಕಾರಣವಿತ್ತು. ಅವನು ಹರೆಯದವನಾಗಿದ್ದಾಗ ಅಪ್ಪನಿಗೆ ಹಿಪ್ಪುನೇರಳೆ ತೋಟದಲ್ಲಿ ಹಾವು ಕಚ್ಚಿತ್ತು. ಊರಲ್ಲಿ ಗಾಡಿ ಅಂತ ಇರಲಿಲ್ಲ. ಅಪ್ಪನನ್ನು ಹೆಗಲ ಮೇಲೆ ಹಾಕಿಕೊಂಡು ರಸ್ತೆಗೆ ಓಡಿ ಬಂದಾಗ, ಕನಕಪುರದ ಕಡೆಯಿಂದ ಒಂದು ಅಂಬಾಸಿಡರ್ ಬಂತು. ಅದರಲ್ಲಿದ್ದವರು ಆಗಿನ ಎಮ್ಮೆಲ್ಲೆ. ಯಾರು, ಏನು, ಯಾವ ಜನ ಅಂತ ಒಂದು ಮಾತೂ ಕೇಳಲಿಲ್ಲ. ಅಪ್ಪನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ತಲೆಯನ್ನು ತಮ್ಮ ಬಿಳಿ ಪಂಚೆಯ ತೊಡೆಯ ಮೇಲೆ ಇಟ್ಟುಕೊಂಡು ಆಸ್ಪತ್ರೆಯ ತನಕ ಹಿಡಿದು ಕೂತಿದ್ದರು. ಅಪ್ಪ ಉಳಿದ. ಆಮೇಲೆ ಬಹಳ ಕಾಲ ಬದುಕಿ, ಮೊಮ್ಮಗಳನ್ನು ಎತ್ತಿ ಆಡಿಸಿ, ತಣ್ಣಗೆ ಹೋದ. ಆ ಎಮ್ಮೆಲ್ಲೆಯೂ ಈಗಿಲ್ಲ. ಆದರೆ ಅವರ ಪಾರ್ಟಿ ಅಂದರೆ ರಾಮಲಿಂಗಯ್ಯನಿಗೆ ಇವತ್ತಿಗೂ ಆ ಬಿಳಿ ಪಂಚೆಯ ತೊಡೆಯೇ. ಪ್ರತಿ ಚುನಾವಣೆಗೂ ಊರಿನ ಬೂತಿನಲ್ಲಿ ಪಾರ್ಟಿಯ ಏಜೆಂಟನಾಗಿ ಕೂರುವವನು ಅವನೇ. ಆ ಒಂದು ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೇಷ್ಟರು, ಅಧಿಕಾರಿಗಳ ನಡುವೆ ಕೂರುವುದು ಚೀಲ ಹೊರುವವನಿಗೆ ಸಣ್ಣ ಮರ್ಯಾದೆಯೇನಲ್ಲ.

ಸಂಜೆ ಮನೆಗೆ ಬಂದವನೇ ಮಾತು ತೆಗೆದ.

"ನಮ್ಮಪ್ಪನ ಜೀವ ಉಳಿಸ್ದೋರು ಅವರು. ಅದನ್ನ ಮರ್ತುಬುಟ್ಯಾ?"

"ಎಂಗ್ ಮರೀಲಿ? ಮಾವನ ಕೈಲಿ ಅದನ್ನ ಎಷ್ಟು ಸಲ ಕೇಳಿವ್ನಿ," ಅಂದಳು ಬೋರಮ್ಮ. "ನಿಮ್ಮಪ್ಪನ ಋಣ ನೀವು ತೀರಿಸ್ತಾ ಇದ್ದೀರ, ಬ್ಯಾಡ ಅಂದ್ನಾ? ನನ್ ಮಗಳ ಋಣ ನಾನು ತೀರಿಸ್ತೀನಿ."

ಭಾನುಪ್ರಿಯಳನ್ನು ಮಾಗಡಿ ತಾಲ್ಲೂಕಿನ ಕಲ್ಯಕ್ಕೆ ಕೊಟ್ಟಿದ್ದರು. ಗಂಡ ಮರಿಸ್ವಾಮಿ ಒಳ್ಳೆಯವನು, ಸಣ್ಣದಾಗಿ ಟೈಲ್ಸ್ ಹಾಕುವ ಕೆಲಸ. ಅತ್ತೆಯಿಲ್ಲದ ಮನೆ. ಎರಡು ಸಲ ಬಸಿರು ನಿಂತು ಎರಡು ಸಲವೂ ಇಳಿದುಹೋಗಿತ್ತು. ಮೂರನೆಯ ಸಲ ಡಾಕ್ಟರು, ಎದ್ದು ಓಡಾಡುವಂತಿಲ್ಲ, ದೂರದ ಪ್ರಯಾಣವಂತೂ ಕೂಡದೇ ಕೂಡದು, ಇದ್ದಲ್ಲೇ ಇರಬೇಕು ಅಂದಿದ್ದರು. ಹಾಗಾಗಿ ತವರಿಗೆ ಕರೆತರುವ ಮಾತೇ ಇರಲಿಲ್ಲ. ಆ ಕಡೆಯವರ ಸರ್ಕಾರ ಬಂದು ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿತ್ತು. ಬೋರಮ್ಮ ವಾರವಿಡೀ ನೂಲು ಬಿಚ್ಚಿ, ಭಾನುವಾರ ಕೋಳಿ ಕೂಗುವ ಹೊತ್ತಿಗೆ ಎದ್ದು, ರಾಗಿಹುರಿಟ್ಟು, ಸೊಪ್ಪು, ಮನೆಯ ಮೊಟ್ಟೆ ಎಲ್ಲ ಒಂದು ಬುಟ್ಟಿಗೆ ತುಂಬಿಕೊಂಡು ಹೊರಟುಬಿಡುತ್ತಿದ್ದಳು. ಕೈಲಾಂಚದಿಂದ ರಾಮನಗರ, ಅಲ್ಲಿಂದ ಮಾಗಡಿ, ಅಲ್ಲಿಂದ ಕಲ್ಯ. ಮಗಳಿಗೆ ತಲೆಗೆ ನೀರು ಹಾಕಿ, ಮನೆ ಒರೆಸಿ, ಎರಡು ದಿನಕ್ಕಾಗುವಷ್ಟು ಸಾರು ಕಾಯಿಸಿಟ್ಟು ಕತ್ತಲಾಗುವುದರೊಳಗೆ ವಾಪಸ್ಸು. ಒಂದು ಭಾನುವಾರವೂ ತಪ್ಪಿಸಲಿಲ್ಲ. ಹೆಣ್ಣುಮಗು ಹುಟ್ಟಿತು, ಗಟ್ಟಿಯಾಗಿ ಅತ್ತಿತು.

"ಆ ಬಸ್ಸಿಗೆ ದುಡ್ಡು ಕೊಡಬೇಕಾಗಿದ್ರೆ ನನ್ ಕೂಲೀಲಿ ತಿಂಗಳಿಗೊಂದ್ಸಲನೂ ಹೋಗಕಾಗ್ತಿರ್ಲಿಲ್ಲ," ಅಂದಳು ಬೋರಮ್ಮ. "ಅಷ್ಟೇ ಕಣ್ರಿ. ನಂಗೆ ಬ್ಯಾರೆ ರಾಜಕೀಯ ಗೊತ್ತಿಲ್ಲ."

"ಬಸ್ಸೇನು ಅವರಪ್ಪಂದಾ? ನಮ್ ತೆರಿಗೆ ದುಡ್ಡು!"

"ಅಂಬಾಸಿಡರ್ ಎಣ್ಣೆ ಯಾರ ದುಡ್ಡು ಅಂತ ಮಾವ ಕೇಳಿದ್ರಾ?"

ರಾಮಲಿಂಗಯ್ಯ ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಜಗಲಿಗೆ ಎದ್ದುಹೋದ. ಅವತ್ತಿನಿಂದ ಮಾತು ಬಿಟ್ಟ. ಮುದ್ದೆ ಬೇಕಾದರೆ ತಟ್ಟೆ ಸರಿಸುವುದು, ನೀರು ಬೇಕಾದರೆ ಲೋಟ ಕುಟ್ಟುವುದು. ಬೋರಮ್ಮ ಮುದ್ದೆ ಹಾಕುತ್ತಿದ್ದಳು, ನೀರು ಬಗ್ಗಿಸುತ್ತಿದ್ದಳು. ತಾನಾಗಿ ಒಂದು ಮಾತೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ವಿಷಯ ಮನೆಯಲ್ಲೇ ಉಳಿಯಲಿಲ್ಲ. ಊರಿನಲ್ಲಿ ಅವರ ಪಾರ್ಟಿಯ ಮುಖಂಡ ಅಂದರೆ ಉದಯಶಂಕರ್, ಗೊಬ್ಬರದ ಅಂಗಡಿಯವನು, ಹಿಂದೆ ಪಂಚಾಯ್ತಿ ಅಧ್ಯಕ್ಷನಾಗಿದ್ದವನು. ಒಂದು ಬೆಳಗ್ಗೆ ಡೈರಿಯ ಮುಂದೆ ಹಾಲು ಹಾಕಲು ಜನ ಸಾಲುಗಟ್ಟಿದ್ದಾಗ ಅವನು ರಾಮಲಿಂಗಯ್ಯನನ್ನು ನಿಲ್ಲಿಸಿಕೊಂಡ.

"ಏನ್ಲಾ ರಾಮಲಿಂಗ, ನಿನ್ನೆಂಡ್ರು ಆ ಕಡೆಗೆ ಒತ್ತಿ ಅಂತ ಫ್ಯಾಕ್ಟ್ರಿ ಹೆಂಗಸರಿಗೆಲ್ಲ ಹೇಳ್ಕೊಡ್ತಾವ್ಳಂತೆ?"

"ಹೇಳ್ಕೊಡ್ತಿಲ್ಲ ಕಣಣ್ಣ. ಕೇಳ್ದೋರ್ಗೆ ತಾನು ಹಾಕೋದು ಹೇಳವ್ಳೆ, ಅಷ್ಟೇಯ."

"ಮನೇಲಿರೋ ಓಟೇ ನಿನ್ ಮಾತು ಕೇಳಕಿಲ್ಲ ಅಂದ್ರೆ ಬೂತ್ನಾಗೆ ಯಾವ ಮಖ ಇಟ್ಕೊಂಡು ಕೂತ್ಕತೀಯಲಾ? ಈ ಸಲ ನೀನು ಬ್ಯಾಡ ಬುಡು. ನಮ್ ಸ್ವಾಮಿ ಕೂತ್ಕತಾನೆ."

ಸ್ವಾಮಿ ಉದಯಶಂಕರನ ಅಂಗಡಿಯಲ್ಲಿ ಲೆಕ್ಕ ನೋಡುವವನು. ಸಾಲಿನಲ್ಲಿದ್ದ ಒಬ್ಬಿಬ್ಬರು ನಕ್ಕರು. ರಾಮಲಿಂಗಯ್ಯ ಮನೆಯ ಹಸುವಿನ ಹಾಲನ್ನು ಅಳತೆಗೆ ಸುರಿದು, ಲೆಕ್ಕದ ಚೀಟಿಯನ್ನೂ ಇಸಕೊಳ್ಳದೆ ಹೊರಟ. ಮನೆಗೆ ಬಂದು ಖಾಲಿ ಕ್ಯಾನನ್ನು ಜಗಲಿಯ ಮೇಲೆ ಕುಕ್ಕಿ, ಗೋಡೆಯ ಶಾಲು ತೆಗೆದು ಮಡಿಚಿ ಟ್ರಂಕಿನೊಳಗೆ ಹಾಕಿದ. ಬೋರಮ್ಮ ಏನಾಯಿತೆಂದು ಕೇಳಲಿಲ್ಲ. ಪಕ್ಕದ ಮನೆಯವಳು ಅವನಿಗಿಂತ ಮುಂಚೆಯೇ ಬಂದು ಹೇಳಿಹೋಗಿದ್ದಳು.

ಅದಾದ ಭಾನುವಾರವೇ ಕಲ್ಯದಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದಿತ್ತು. ತಾತನಾದವನು ಹೋಗದೆ ಇರುವಂತಿರಲಿಲ್ಲ. ಬಸಿರಿನ ಅಷ್ಟು ತಿಂಗಳೂ ಗೂಡಿನ ಸುಗ್ಗಿ, ಮೈಕೈ ನೋವು ಅಂತ ಅವನು ಕಲ್ಯದ ಕಡೆ ತಲೆ ಹಾಕಿರಲಿಲ್ಲ. ಹೆರಿಗೆಯಾದ ಮೇಲೆ ಒಂದು ಸಲ ಅಳಿಯನ ಬೈಕಿನಲ್ಲಿ ಹೋಗಿ ಮಗುವಿನ ಮುಖ ನೋಡಿ ಬಂದಿದ್ದ. ಬೋರಮ್ಮನ ಭಾನುವಾರದ ದಾರಿಯಲ್ಲಿ ಅವನು ಕಾಲಿಡುತ್ತಿದ್ದದ್ದು ಇದೇ ಮೊದಲು.

ರಾಮನಗರದ ಬಸ್ ನಿಲ್ದಾಣದಲ್ಲಿ ಮಾಗಡಿ ಬಸ್ಸು ಹತ್ತುತ್ತಿದ್ದಂತೆ ಒಳಗಿನಿಂದ ಯಾರೋ, "ಬೋರಕ್ಕ, ಇಲ್ಲಿ ಬನ್ನಿ, ಸೀಟ್ ಹಿಡ್ದಿವ್ನಿ!" ಅಂತ ಕೂಗಿದರು. ಹಾಗೆ ಕೂಗಿದವಳು ಯಶೋಧಾ, ಗಾರ್ಮೆಂಟ್ಸಿನಲ್ಲಿ ಹೊಲಿಗೆಯ ಕೆಲಸ ಮಾಡುವವಳು, ಪ್ರತಿ ವಾರ ತನ್ನ ತಾಯಿಯನ್ನು ನೋಡಲು ಇದೇ ಬಸ್ಸಿಗೆ ಬರುವವಳು. ಅವಳ ಹಿಂದೆ ಹೂವಿನ ಬುಟ್ಟಿಯ ಮಂಗಳಗೌರಮ್ಮ. ಕಂಡಕ್ಟರು ಲಕ್ಷ್ಮಯ್ಯ, ನರೆತ ಮೀಸೆಯ ದೊಡ್ಡ ಆಳು, ಬೋರಮ್ಮನಿಗೆ ಕೇಳದೆಯೇ ಸೊನ್ನೆ ಟಿಕೆಟ್ಟು ಹರಿದುಕೊಟ್ಟು, "ಮೊಮ್ಮಗು ಎಂಗವ್ಳೆ ಬೋರಮ್ಮ?" ಅಂದ.

"ಚೆನ್ನಾಗವ್ಳೆ ಕಣಣ್ಣ. ಇವತ್ತು ಹೆಸ್ರು ಇಡ್ತೀವಿ. ಇವ್ರು ನಮ್ ಯಜಮಾನ್ರು."

ಲಕ್ಷ್ಮಯ್ಯ ರಾಮಲಿಂಗಯ್ಯನಿಗೂ ಒಂದು ಟಿಕೆಟ್ಟು ಕೊಟ್ಟು ದುಡ್ಡು ಇಸಕೊಂಡ. "ನಿಮ್ಮ ಮಗಳು ಗಟ್ಟಿಗಿತ್ತಿ ಕಣ್ರಿ ಯಜಮಾನ್ರೆ," ಅಂತ ಹೇಳಿ ಮುಂದಕ್ಕೆ ಹೋದ.

ರಾಮಲಿಂಗಯ್ಯನಿಗೆ ಅರ್ಥವಾಗಲಿಲ್ಲ. ಇವನಿಗೆ ನನ್ನ ಮಗಳು ಹೇಗೆ ಗೊತ್ತು ಅಂತ ಹೆಂಡತಿಯ ಮುಖ ನೋಡಿದ. ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. ಯಶೋಧಾಳೇ ಅವನ ಕಡೆ ತಿರುಗಿದಳು.

"ನಿಮಗೆ ಅಕ್ಕ ಹೇಳಿಲ್ವಾ ಅಣ್ಣ? ಅವತ್ತು ಭಾನು ಉಳಿದಿದ್ದೇ ಹೆಚ್ಚು."

ಆಗ ಅವಳು ಹೇಳಿದ್ದು ಇದು. ಏಳು ತಿಂಗಳಾಗಿದ್ದ ಒಂದು ಭಾನುವಾರ ಬೆಳಗ್ಗೆ ಭಾನುಪ್ರಿಯಳಿಗೆ ಮೈ ಸರಿಯಿರಲಿಲ್ಲ. ಮರಿಸ್ವಾಮಿ ಕೆಲಸದ ಮೇಲೆ ಚನ್ನಪಟ್ಟಣಕ್ಕೆ ಹೋಗಿದ್ದ. ಆಂಬುಲೆನ್ಸಿಗೆ ಫೋನು ಮಾಡಿದರೆ ಬೇರೆ ಕಡೆ ಹೋಗಿದೆ, ಹೊತ್ತಾಗುತ್ತೆ ಅಂದರು. ಬೋರಮ್ಮ ಮಗಳನ್ನು ತೋಳಲ್ಲಿ ಹಿಡಿದುಕೊಂಡು, ಕಲ್ಯದಿಂದ ಮಾಗಡಿಗೆ ವಾಪಸ್ಸು ಹೊರಟ ಬಸ್ಸನ್ನೇ ಹತ್ತಿದಳು. ಅರ್ಧ ದಾರಿಯಲ್ಲಿ ನೋವು ಜೋರಾಗಿ ರಕ್ತ ಕಾಣಿಸಿಕೊಂಡಿತು. ತಾಯಿಯ ಜೊತೆ ಕಲ್ಯದ ಗುಡಿಗೆ ಬಂದಿದ್ದ ಯಶೋಧಾ ಅದೇ ಬಸ್ಸಿನಲ್ಲಿದ್ದಳು. ಹೆಂಗಸರೆಲ್ಲ ಎದ್ದು ಉದ್ದ ಸೀಟು ಬಿಟ್ಟುಕೊಟ್ಟರು. ಯಾರೋ ಸೆರಗನ್ನು ಅಡ್ಡ ಹಿಡಿದರು, ಯಾರೋ ತಾವು ಹೊಸದಾಗಿ ಕೊಂಡಿದ್ದ ಸೀರೆಯನ್ನೇ ಮಡಿಚಿ ಕೆಳಗೆ ಹಾಸಿದರು. ಅವತ್ತು ಆ ಬಸ್ಸಿಗೂ ಲಕ್ಷ್ಮಯ್ಯನೇ ಕಂಡಕ್ಟರು. ಅವನು ಡ್ರೈವರಿಗೆ, "ಎಲ್ಲೂ ನಿಲ್ಲಿಸ್ಬ್ಯಾಡ, ನೇರ ಆಸ್ಪತ್ರೆಗೆ ನಡಿ" ಅಂದ. ಇಳಿಯಬೇಕಾದವರು ಯಾರೂ ತಮ್ಮ ಊರು ದಾಟಿಹೋಯಿತೆಂದು ಗೊಣಗಲಿಲ್ಲ. ಬಸ್ಸು ಆಸ್ಪತ್ರೆಯ ಗೇಟಿನೊಳಕ್ಕೇ ಹೋಗಿ ನಿಂತಿತು.

"ಅಲ್ಲಿ ತಕ ಭಾನು ತಲೆ ನನ್ ತೊಡೆ ಮೇಲೇ ಇತ್ತು," ಅಂದಳು ಯಶೋಧಾ. "ಅಕ್ಕ ಅವಳ ಕಾಲು ಹಿಡ್ಕಂಡು ಕೂತಿದ್ರು. ಇನ್ನು ಒಸಿ ತಡವಾಗಿದ್ರೆ ತಾಯಿನೂ ಉಳೀತಿರ್ಲಿಲ್ಲ, ಮಗುನೂ ಉಳೀತಿರ್ಲಿಲ್ಲ ಅಂದ್ರು ಡಾಕ್ಟ್ರು."

ರಾಮಲಿಂಗಯ್ಯನ ಕಣ್ಣಿಗೆ ಹಿಂದಿನ ಸೀಟಿನಲ್ಲಿ ಮಲಗಿದ್ದ ಅಪ್ಪ ಬಂದ. ಬಿಳಿ ಪಂಚೆ ಬಂತು. ಅವತ್ತು ಬೋರಮ್ಮ ಫೋನಿನಲ್ಲಿ, "ಒಸಿ ನೋವು ಬಂದಿತ್ತು, ಈಗ ಸರಿಹೋಗೈತೆ, ನಾನು ಮೂರ್ನಾಲ್ಕು ದಿನ ಇಲ್ಲೇ ಇರ್ತೀನಿ" ಅಂದಿದ್ದಳು. ಅವನು "ಆಯ್ತು" ಅಂದು ಗೂಡಿನ ಚೀಲ ಹೊರಲು ಹೋಗಿದ್ದ.

"ನಂಗ್ಯಾಕಮ್ಮಿ ಹೇಳಲಿಲ್ಲ?" ಅಂದ. ಎಷ್ಟೋ ದಿನದ ಮೇಲೆ ಹೆಂಡತಿಯೊಡನೆ ಆಡಿದ ಮೊದಲ ಮಾತು ಅದು.

"ನಿಮಗೆ ಬೀಪಿ. 'ಅಪ್ಪಂಗೆ ಹೇಳ್ಬ್ಯಾಡ ಕಣವ್ವ, ಗಾಬರಿ ಬಿದ್ದು ಏನಾದ್ರೂ ಮಾಡ್ಕತಾನೆ' ಅಂತ ಭಾನು ಕೈ ಹಿಡ್ಕಂಡು ಕೇಳ್ಕಂಡ್ಲು. ಹೆರಿಗೆಯಾಗಿ ಒಸಿ ದಿನ ಹೋಗ್ಲಿ, ಆಮ್ಯಾಕೆ ಹೇಳೋಣ ಅಂದ್ರೆ, ಅಷ್ಟೊತ್ಗೆ ನೀವು ಮಾತೇ ಬುಟ್ಬುಟ್ರಿ."

ಮಾಗಡಿಯಲ್ಲಿ ಇಳಿಯುವಾಗ ಅವನು ಬಾಗಿಲ ಹತ್ತಿರ ನಿಂತುಬಿಟ್ಟ. ಹಿಂದಿನವರು ತಳ್ಳಿದರೂ ಸರಿಯಲಿಲ್ಲ. ಲಕ್ಷ್ಮಯ್ಯನ ಎರಡೂ ಕೈ ಹಿಡಿದುಕೊಂಡ. ಏನೇನೋ ಹೇಳಬೇಕೆಂದಿದ್ದವನಿಗೆ ಬಾಯಿಂದ ಬಂದದ್ದು ಒಂದೇ ಮಾತು:

"ಹೆಸರಿಡಕ್ಕೆ ನೀವೂ ಬನ್ನಿ ಅಣ್ಣ, ಊಟ ಮಾಡ್ಕಂಡು ಹೋಗೀರಂತೆ."

"ಡ್ಯೂಟಿ ಐತೆ ಯಜಮಾನ್ರೆ," ಅಂತ ನಕ್ಕ ಲಕ್ಷ್ಮಯ್ಯ. "ಸಂಜೆ ಇದೇ ಬಸ್ಸಿಗೆ ಬರ್ತೀರಲ್ಲ, ಹೋಳಿಗೆ ಕಟ್ಕಂಡ್ ಬನ್ನಿ."

ಯಶೋಧಾ, ಮಂಗಳಗೌರಮ್ಮ ಇಬ್ಬರೂ ಕಲ್ಯಕ್ಕೆ ಬಂದರು. ಮಂಗಳಗೌರಮ್ಮ ತನ್ನ ಬುಟ್ಟಿಯ ಸೇವಂತಿಗೆಯನ್ನೆಲ್ಲ ತೊಟ್ಟಿಲಿಗೆ ಸುತ್ತಿದಳು, ಕಾಸು ಕೊಡಲು ಹೋದರೆ ಬೈದಳು. ಮಗುವಿಗೆ ಐಶ್ವರ್ಯ ಅಂತ ಹೆಸರಿಟ್ಟರು. ಕಿವಿಯಲ್ಲಿ ಮೊದಲು ಹೆಸರು ಹೇಳಬೇಕಾದವನು ತಾತ. ರಾಮಲಿಂಗಯ್ಯ ಬಗ್ಗಿದವನು ಹೆಸರು ಹೇಳಿ, ಆಮೇಲೂ ಅಲ್ಲೇ ಬಗ್ಗಿಕೊಂಡು ಮಗುವಿನ ತಲೆಯ ಎಣ್ಣೆಯ ವಾಸನೆ ಮೂಸುತ್ತಾ ಇದ್ದುಬಿಟ್ಟ. ಸಾಯಂಕಾಲ ಮಾಗಡಿಯಲ್ಲಿ ಬಸ್ಸು ಹತ್ತುವಾಗ, ಬಾಳೆಲೆಯಲ್ಲಿ ಕಟ್ಟಿದ ಹೋಳಿಗೆಯನ್ನು ತಾನೇ ಲಕ್ಷ್ಮಯ್ಯನ ಕೈಗೆ ಕೊಟ್ಟ.

ಊರಿಗೆ ಬಂದರೆ ಬೇರೆಯೇ ಸುದ್ದಿ ಕಾದಿತ್ತು. ಉದಯಶಂಕರ್ ಪಾರ್ಟಿ ಬಿಟ್ಟಿದ್ದ. ರಾಮನಗರದ ಒಂದು ಕಲ್ಯಾಣಮಂಟಪದಲ್ಲಿ ಆ ಕಡೆಯವರ ಶಾಲು ಹೊದ್ದು, ಕೊರಳ ತುಂಬ ಸೇಬಿನ ಹಾರ ಹಾಕಿಕೊಂಡು ನಿಂತ ಫೋಟೋ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿತ್ತು. ಹಿಂದೆ ಹಲ್ಲು ಬಿಟ್ಟು ನಿಂತವನು ಸ್ವಾಮಿ.

ಮಾರನೆಯ ಬೆಳಗ್ಗೆ ಇಬ್ಬರೂ ಕೆಲಸಕ್ಕೆ ಹೊರಡುವ ಹೊತ್ತಿಗೆ ಉದಯಶಂಕರ್ ನಗುತ್ತಾ ಅವರ ಬಾಗಿಲಿಗೇ ಬಂದ. ಹೊಸ ಶಾಲಿನ ಮಡಿಕೆ ಇನ್ನೂ ಬಿಚ್ಚಿಕೊಂಡಿರಲಿಲ್ಲ.

"ಡೈರಿ ತಾವ ಆಡಿದ್ ಮಾತ ಮನ್ಸಿಗಿಟ್ಕಬ್ಯಾಡ ಕಣ್ಲಾ ರಾಮಲಿಂಗ. ನಿಮ್ಮ ಬೋರಮ್ಮನೇ ಸರಿ. ನಾವೆಲ್ಲ ಈಗ ಅವಳ ದಾರೀಗೇ ಬಂದಿವಿ. ಇಡೀ ಬೀದಿ ಬತ್ತಾ ಐತೆ, ನೀನೂ ಬಂದ್ಬುಡು. ಬೂತ್ನಾಗೆ ನಿನ್ನೇ ಕೂರಿಸ್ತೀನಿ."

ರಾಮಲಿಂಗಯ್ಯ ಬಾಯಿ ತೆರೆಯುವ ಮೊದಲೇ ಬೋರಮ್ಮ ಹೊಸ್ತಿಲಿಗೆ ಬಂದು ನಿಂತಳು.

"ಅಣ್ಣಾ, ನಾನು ನಿಮ್ಮ ದಾರೀಲೂ ಇರ್ಲಿಲ್ಲ, ನೀವು ನನ್ ದಾರೀಗೂ ಬಂದಿಲ್ಲ. ನಾನು ಓಟು ಹಾಕ್ತಿರೋದು ನನ್ ಮಗಳಿಗೋಸ್ಕರ. ಶಾಲಿಗೋಸ್ಕರ ಅಲ್ಲ. ಇನ್ನು ಇವ್ರ ಓಟು ಇವ್ರದು. ಇವ್ರ ಅಪ್ಪನ್ನ ಕಾಪಾಡ್ದೋರ್ನ ಇವ್ರು ಇಷ್ಟು ವರ್ಸ ಬುಡಲಿಲ್ಲ. ಯಾರೋ ಕರೆದ್ರು ಅಂತ ಈಗ ಬುಟ್ಟು ಬರಕಿಲ್ಲ. ನೀವು ಬಲವಂತ ಮಾಡ್ಬ್ಯಾಡಿ. ಕಾಫಿ ಕುಡೀತೀರಾ?"

ಉದಯಶಂಕರ್ ಕಾಫಿ ಕುಡಿಯಲಿಲ್ಲ. ಕೆಲಸವಿದೆ ಅಂತ ಹೊರಟುಹೋದ.

ರಾಮಲಿಂಗಯ್ಯ ಹೆಂಡತಿಯನ್ನೇ ನೋಡುತ್ತಾ ನಿಂತ. ತನ್ನ ನಿಷ್ಠೆಯ ಬಗ್ಗೆ ಅವನು ಎಷ್ಟೋ ಭಾಷಣ ಕೇಳಿದ್ದ, ವೇದಿಕೆಯ ಮೇಲೆ ತನ್ನಂಥವರಿಗೆ ಯಾರ್‍ಯಾರೋ ಚಪ್ಪಾಳೆ ತಟ್ಟಿಸಿದ್ದನ್ನೂ ಕಂಡಿದ್ದ. ಆದರೆ ಎದುರು ಪಾರ್ಟಿಗೆ ಓಟು ಹಾಕುವ ಒಬ್ಬಳು ತನ್ನ ಪರವಾಗಿ ಹೀಗೆ ಬಾಗಿಲಲ್ಲಿ ನಿಂತದ್ದು ಇದೇ ಮೊದಲು.

"ನಡಿಯಮ್ಮಿ, ಬಸ್ಸು ಹೊಂಟೋಯ್ತದೆ," ಅಂದ. ಆವತ್ತು ಅವಳ ಊಟದ ಬುಟ್ಟಿಯನ್ನು ಬಸ್ ಸ್ಟಾಪಿನ ತನಕ ಅವನೇ ಹಿಡಿದುಕೊಂಡ.

ಎರಡು ದಿನ ಬಿಟ್ಟು ರಾಮನಗರದ ಪಾರ್ಟಿ ಆಫೀಸಿನಿಂದ ಅವನಿಗೆ ಫೋನು ಬಂತು. ಕೈಲಾಂಚದ ಬೂತಿಗೆ ಏಜೆಂಟರಾಗಲು ಯಾರೂ ಸಿಗುತ್ತಿಲ್ಲ, ನೀವು ಕೂರುತ್ತೀರಾ ಅಂದರು. "ನಮ್ಮನೆಯವಳು ನಮ್ ಪಾರ್ಟಿಗೆ ಹಾಕಕಿಲ್ಲ ಸಾರ್, ಮೊದಲೇ ಹೇಳ್ಬುಡ್ತೀನಿ," ಅಂದ ರಾಮಲಿಂಗಯ್ಯ. ಫೋನಿನಲ್ಲಿದ್ದವರು ಪಕ್ಕದಲ್ಲಿ ಯಾರನ್ನೋ ಕೇಳಿದರು. "ಪರವಾಗಿಲ್ಲ ಯಜಮಾನ್ರೆ, ನೀವು ಕೂತ್ಕೊಳ್ಳಿ," ಅಂದರು ಕೊನೆಗೆ.

ಓಟಿನ ದಿನ ಅಂಗಿಗೆ ಇಸ್ತ್ರಿ ಮಾಡಿಕೊಟ್ಟವಳು ಬೋರಮ್ಮ. ಶಾಲೆಯ ಕೋಣೆಯಲ್ಲಿ ಒಂದೇ ಬೆಂಚಿನ ಮೇಲೆ ಈ ಕಡೆ ರಾಮಲಿಂಗಯ್ಯ, ಆ ಕಡೆ ಸ್ವಾಮಿ. ಬಿಸಿಲೇರುವ ಮುಂಚೆ ಬೋರಮ್ಮ ಬೀದಿಯ ಹೆಂಗಸರ ಜೊತೆ ಬಂದು ಸಾಲಿನಲ್ಲಿ ನಿಂತಳು. ಅಧಿಕಾರಿ ಗಟ್ಟಿಯಾಗಿ ಓದಿದರು: "ಬೋರಮ್ಮ, ಗಂಡನ ಹೆಸರು ರಾಮಲಿಂಗಯ್ಯ." ಸ್ವಾಮಿ ಮೊಣಕೈಯಿಂದ ತಿವಿದು ಮೆಲ್ಲಗೆ ನಕ್ಕ. ಅಧಿಕಾರಿ ಏಜೆಂಟರ ಕಡೆ ನೋಡಿ, ಇವರೇ ತಾನೇ ಅಂದರು.

"ಹೂಂ ಸಾರ್," ಅಂದ ರಾಮಲಿಂಗಯ್ಯ, ಕೋಣೆಗೆಲ್ಲ ಕೇಳುವ ಹಾಗೆ. "ನಮ್ಮೋಳೇಯ."

ಬೋರಮ್ಮ ಸುಕ್ಕುಗಟ್ಟಿದ ಬೆರಳು ಚಾಚಿ ಶಾಯಿ ಹಾಕಿಸಿಕೊಂಡಳು. ರಟ್ಟಿನ ಮರೆಯ ಹಿಂದೆ ಮಿಷನ್ನು ಉದ್ದಕ್ಕೆ ಕೂಗಿತು. ಆ ಕೂಗು ತನ್ನ ಪಾರ್ಟಿಯ ವಿರುದ್ಧದ ಒಂದು ಓಟು ಅಂತ ಅವನಿಗೆ ಗೊತ್ತಿತ್ತು. ಎದೆಯಲ್ಲಿ ಏನೋ ಚುಚ್ಚಿದ್ದೂ ನಿಜ. ಆದರೆ ಹೊರಗೆ ಹೋಗುವಾಗ ಅವಳು ಒಂದು ಕ್ಷಣ ಅವನ ಕಡೆ ತಿರುಗಿದಳು. ಕದ್ದ ಮುಖವಿರಲಿಲ್ಲ, ಗೆದ್ದ ಮುಖವೂ ಇರಲಿಲ್ಲ. ಮನೆಯಲ್ಲಿ ಹೇಗೆ ನೋಡುತ್ತಾಳೋ ಹಾಗೇ ನೋಡಿದಳು. ಅದರ ಮೇಲೆ ಚುಚ್ಚಿದ್ದು ಕಡಿಮೆಯಾಯಿತು. ಆಮೇಲೆ ಅವನೂ ಎದ್ದು ಹೋಗಿ ತನ್ನ ಹಳೆಯ ಗುರುತಿಗೇ ಒತ್ತಿ ಬಂದ. ಒತ್ತುವಾಗ ಅಪ್ಪನನ್ನು ನೆನೆದುಕೊಂಡ.

ಎಣಿಕೆಯ ದಿನ ಅವರ ಬೂತಿನಲ್ಲಿ ಹಳೆಯ ಪಾರ್ಟಿಗೆ ಎಂದೂ ಇಲ್ಲದಷ್ಟು ಕಡಿಮೆ ಬಂದಿತ್ತು. ಮಾರುಕಟ್ಟೆಯಲ್ಲಿ ಜೊತೆಯ ಹಮಾಲಿ ಮುಕ್ತಿಯಾರ್, "ಏನ್ ರಾಮಲಿಂಗಣ್ಣ, ಮನೇಲೇ ಸೋತ್ಯಲ್ಲ!" ಅಂತ ಛೇಡಿಸಿದ.

"ಮನೇಲಿ ಸೋತಿಲ್ಲ ಕಣಪ್ಪ," ಅಂದ ರಾಮಲಿಂಗಯ್ಯ, ಚೀಲ ಬೆನ್ನಿಗೇರಿಸಿಕೊಳ್ಳುತ್ತಾ. "ಬೂತ್ನಾಗೆ ಸೋತೆ. ಅದು ಬ್ಯಾರೆ, ಇದು ಬ್ಯಾರೆ."

ಸಂಜೆ ಬೋರಮ್ಮ ಬಸ್ಸಾರು ಮಾಡಿದ್ದಳು. ಫಲಿತಾಂಶದ ಮಾತು ಅವಳಾಗಿ ಎತ್ತಲಿಲ್ಲ. ಮುದ್ದೆ ಬಡಿಸಿ, ತನ್ನ ತಟ್ಟೆಯನ್ನೂ ತಂದು ಎದುರಿಗೆ ಕೂತಳು.

"ಬೇಜಾರಾಯ್ತಾ?"

"ಆಯ್ತು ಕಣಮ್ಮಿ. ಯಾಕ್ ಸುಳ್ಳು ಹೇಳ್ಲಿ?" ಸಾರಿಗೆ ಅದ್ದಿದ ತುತ್ತು ನುಂಗಿ ಮುಂದುವರಿಸಿದ: "ನೀನು ಅವತ್ತು ಮೊದ್ಲೇ ಬಂದು ನಂಗೆ ಹೇಳ್ದೆ ನೋಡು. ಹೇಳ್ದೆ ಹೋಗಿ ಹಾಕ್ಬುಟ್ಟಿದ್ರೆ ನಂಗೆಲ್ಲಿ ಗೊತ್ತಾಗ್ತಿತ್ತು? ಆದ್ರೆ ಭಾನುನ ಹಿಡ್ಕಂಡು ಬಸ್ ಹತ್ತಿದ್ದು, ಆ ಹೆಣ್ಮಕ್ಕಳು, ಆ ಕಂಡಕ್ಟ್ರು, ಯಾವುದೂ ನಂಗೆ ಗೊತ್ತೇ ಇರ್ಲಿಲ್ಲ. ನಾನು ಅಲ್ಲಿರಬೇಕಾಗಿತ್ತು. ನೀನು ಒಬ್ಳೇ..."

ಬೋರಮ್ಮ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.

"ಒಬ್ಳೇ ಎಲ್ಲಿದ್ದೆ? ಬಸ್ ತುಂಬ ಜನ ಇದ್ರಲ್ಲ," ಅಂದಳು. "ಬಿಸಿ ಆರೋಯ್ತದೆ, ಉಣ್ಣಿ. ಬರೋ ಭಾನುವಾರ ಕಲ್ಯಕ್ಕೆ ಬತ್ತೀರಾ? ಯಶೋಧಾ ನಿಮ್ಮನ್ನೂ ಕರ್ಕೊಂಡ್ ಬನ್ನಿ ಅಂದವ್ಳೆ."

"ಬತ್ತೀನಿ," ಅಂದ ರಾಮಲಿಂಗಯ್ಯ.